ಹಸಿರು ಪರದೆಯ ಡ್ರ್ಯಾಗನ್

ಬಿಡುಗಡೆಗೆ ಸರ್ಕಾರದ ಒಪ್ಪಿಗೆ ಪಡೆದ ಚೀನೀ ಸಿನಿಮಾ ಶುರುವಾಗುವುದೇ ಹಸಿರು ಹಿನ್ನೆಲೆಯ ಮೇಲಿನ ಚಿನ್ನದ ಬಣ್ಣದ ಡ್ರ್ಯಾಗನ್ ಮುದ್ರೆಯಿಂದ. ಜೊತೆಗೊಂದು ಪರವಾನಗಿ ಸಂಖ್ಯೆ. ನಮ್ಮ ಸೆನ್ಸಾರ್ ಸರ್ಟಿಫಿಕೇಟಿನ ದಾಯಾದಿ ಅನ್ನಿ. ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ನೂರು ಸೀಟಿನ ಒಂದು ಸ್ವತಂತ್ರ ಚಿತ್ರಮಂದಿರ ಚೀನೀ ಚಿತ್ರಗಳ ಸರಣಿ ನಡೆಸಲು ಹೊರಟರೆ ಮೊದಲ ಜಟಾಪಟಿ ಈ ಡ್ರ್ಯಾಗನ್ನಿನದೇ. ಮುದ್ರೆ ಇರುವುದನ್ನು ತೋರಿಸುವುದೋ, ಇಲ್ಲದ್ದನ್ನೋ?

ಇಲ್ಲದ್ದನ್ನೇ ತೋರಿಸಿ ಎನ್ನುವವರ ಬಳಿ ಗಟ್ಟಿ ಕಾರಣಗಳಿವೆ. ಝಾಂಗ್ ಯಿಮೊ ಅವರ 'ಟು ಲಿವ್' 1994ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು, ಚೀನಾದ ಚಿತ್ರಮಂದಿರಗಳಿಗೆ ಬರಲಿಲ್ಲ. ಲೌ ಯೆ 2006ರಲ್ಲಿ 'ಸಮ್ಮರ್ ಪ್ಯಾಲೆಸ್' ಅನ್ನು ಅನುಮತಿಯಿಲ್ಲದೆ ಅದೇ ಕಾನ್‌ಗೆ ಒಯ್ದರು, ಐದು ವರ್ಷ ಸಿನಿಮಾ ಮಾಡಬಾರದೆಂಬ ಶಿಕ್ಷೆ ಬಿತ್ತು. ವಾಂಗ್ ಬಿಂಗ್ ಸಣ್ಣದೊಂದು ಡಿಜಿಟಲ್ ಕ್ಯಾಮೆರಾ ಹಿಡಿದು ಶೆನ್ಯಾಂಗ್‌ನ ಮುಚ್ಚುತ್ತಿರುವ ಕಾರ್ಖಾನೆಗಳನ್ನು ಚಿತ್ರಿಸಿದ 'ವೆಸ್ಟ್ ಆಫ್ ದ ಟ್ರ್ಯಾಕ್ಸ್' ಒಂಬತ್ತು ಗಂಟೆಯಷ್ಟು ಉದ್ದ. ಇಂಥ ಚಿತ್ರಗಳಿಗೆ ಸ್ವದೇಶದಲ್ಲಿ ಪರದೆಯಿಲ್ಲ. ದೂರದ ಊರಿನ ಈ ಸಣ್ಣ ಮಂದಿರವೂ ಬಾಗಿಲು ಹಾಕಿಕೊಂಡರೆ ಅವು ಹೋಗಬೇಕಾದದ್ದೆಲ್ಲಿಗೆ?

ಹಾಗೆಂದು ಮುದ್ರೆ ಬಿದ್ದದ್ದೆಲ್ಲ ಸರ್ಕಾರಿ ತುತ್ತೂರಿ ಅಂದುಕೊಳ್ಳುವುದು ಸೋಮಾರಿತನ. ಜಿಯಾ ಝಾಂಗ್ಕೆ ಅವರ 'ಸ್ಟಿಲ್ ಲೈಫ್' ನೋಡಿ. ತ್ರೀ ಗಾರ್ಜಸ್ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಫೆಂಗ್‌ಜಿಯೆ ಊರನ್ನು ಕೂಲಿಗಳು ಸುತ್ತಿಗೆ ಹಿಡಿದು ಗೋಡೆ ಗೋಡೆಯಾಗಿ ಒಡೆಯುತ್ತಿದ್ದಾರೆ. ಬಿಟ್ಟುಹೋದ ಹೆಂಡತಿಯನ್ನು ಹುಡುಕಿ ಬಂದ ಗಣಿ ಕಾರ್ಮಿಕನೊಬ್ಬ ನದಿಯ ಕಡೆ ಮುಖ ಮಾಡಿ ಹತ್ತು ಯುವಾನ್ ನೋಟನ್ನು ಎತ್ತಿ ಹಿಡಿಯುತ್ತಾನೆ. ನೋಟಿನ ಮೇಲೆ ಅಚ್ಚಾಗಿರುವುದು ಎದುರಿಗಿರುವ ಅದೇ ಕಣಿವೆ. ಅವನು ನೋಟು ನೋಡುತ್ತಾನೆ, ಕಣಿವೆ ನೋಡುತ್ತಾನೆ, ಅಷ್ಟೇ. ಮುಳುಗುವ ಊರಿನ ಬಗ್ಗೆ ಇದಕ್ಕಿಂತ ಖಾರವಾಗಿ ಏನು ಹೇಳಬೇಕು? ಆಲಮಟ್ಟಿ, ಲಿಂಗನಮಕ್ಕಿಗಳ ಹಿನ್ನೀರು ಕಂಡ ನಮ್ಮವರಿಗೆ ವಿವರಣೆಯೇ ಬೇಡ. ಈ ಚಿತ್ರಕ್ಕೆ ಡ್ರ್ಯಾಗನ್ ಮುದ್ರೆಯೂ ಇತ್ತು, 2006ರ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿಯೂ ಬಂತು.

ಇದೇ ಜಿಯಾ 1997ರಲ್ಲಿ ಜೇಬುಗಳ್ಳನೊಬ್ಬನ ಕಥೆ 'ಶಾವೊ ವು' ತೆಗೆದಾಗ ಮುದ್ರೆಗಿದ್ರೆ ಏನೂ ಇರಲಿಲ್ಲ. ಅಂದರೆ ಒಬ್ಬನೇ ನಿರ್ದೇಶಕ ಮುದ್ರೆ ಇರುವ, ಇಲ್ಲದ ಎರಡೂ ಪಟ್ಟಿಗಳಲ್ಲಿದ್ದಾನೆ. ಅಂದಮೇಲೆ ಪಟ್ಟಿಗಳನ್ನೇ ಅನುಮಾನಿಸಬೇಕು.

ನನ್ನನ್ನು ನಿಜಕ್ಕೂ ಅಳುಕಿಸುವುದು ಬೇರೆ ವಿಷಯ. 2017ರಲ್ಲಿ ಜಾರಿಗೆ ಬಂದ ಚೀನಾದ ಚಿತ್ರೋದ್ಯಮ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದ ಚಿತ್ರಗಳು ಉತ್ಸವಗಳಿಗೂ ಹೋಗುವಂತಿಲ್ಲ. 2025ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಡೆಯಬೇಕಿದ್ದ ಸ್ವತಂತ್ರ ಚೀನೀ ಚಿತ್ರೋತ್ಸವವನ್ನು ಸಂಘಟಕ ಝು ರಿಕುನ್ ಕೊನೆ ಗಳಿಗೆಯಲ್ಲಿ ನಿಲ್ಲಿಸಿದರು. ನಿರ್ದೇಶಕರ ಮೇಲೆ, ಚೀನಾದಲ್ಲಿರುವ ಅವರ ಮನೆಯವರ ಮೇಲೆ ಒತ್ತಡ ಬಂದಿತ್ತು. ಟಿಕೆಟ್ ಹರಿಯುವವರು ಇಲ್ಲಿ, ಬಾಗಿಲು ಬಡಿಯುವುದು ಅಲ್ಲಿ ಯಾರದೋ ಅಪ್ಪ ಅಮ್ಮನ ಮನೆಯದು. ಧೈರ್ಯದ ಸರಣಿ ಎಂದು ಪೋಸ್ಟರ್ ಅಚ್ಚು ಹಾಕಿಸುವ ಮುಂಚೆ ಆ ಧೈರ್ಯ ಯಾರ ಖರ್ಚಿನದು ಎಂದು ಕೇಳಿಕೊಳ್ಳಬೇಕು.

ಆದರೆ ಈ ಅಳುಕನ್ನೇ ನೆಪ ಮಾಡಿಕೊಂಡರೂ ಕೆಟ್ಟಿತು. 2009ರಲ್ಲಿ ಉಯ್ಗುರ್ ನಾಯಕಿ ರೆಬಿಯಾ ಕದೀರ್ ಕುರಿತ ಸಾಕ್ಷ್ಯಚಿತ್ರವನ್ನು ಕೈಬಿಡಿ ಎಂದು ಚೀನೀ ದೂತಾವಾಸ ಮೆಲ್ಬರ್ನ್ ಚಿತ್ರೋತ್ಸವಕ್ಕೆ ಹೇಳಿತು. ಉತ್ಸವದವರು ಬಗ್ಗಲಿಲ್ಲ. ಕೆಲವು ಚೀನೀ ನಿರ್ದೇಶಕರು ತಮ್ಮ ಚಿತ್ರಗಳನ್ನು ವಾಪಸು ಪಡೆದರು. ಅವರಲ್ಲಿ ಜಿಯಾ ಕೂಡ ಇದ್ದರು. ಉತ್ಸವದವರು ಮಾಡಿದ್ದು ಸರಿ. ಜಿಯಾರನ್ನು ಹೇಡಿ ಎಂದು ಜರಿಯಲು ಮಾತ್ರ ನನಗೆ ಬಾಯಿ ಬರುವುದಿಲ್ಲ, ಅವರು ಮರಳಿ ಹೋಗಿ ಸಿನಿಮಾ ಮಾಡಬೇಕಾದದ್ದು ಚೀನಾದಲ್ಲೇ.

ಸರಣಿ ನಡೆಸುವವರು ನನ್ನನ್ನು ಕೇಳಿದರೆ, ಮೊದಲ ವಾರ 'ಶಾವೊ ವು' ಹಾಕಿ, ಎರಡನೆಯ ವಾರ 'ಸ್ಟಿಲ್ ಲೈಫ್'. ಮುದ್ರೆಯಿಲ್ಲದ ಹೊಸ ಚಿತ್ರವಾದರೆ ಮಾಡಿದವರನ್ನು ಮೊದಲು ಕೇಳಿ. ಅವರು ಬೇಡವೆಂದರೆ ಆಟ ರದ್ದಾಗಲಿ. ದೂತಾವಾಸ ಬೇಡವೆಂದರೆ ಆಟ ನಡೆಯಲಿ.