ಮಂದಮಾರುತವೂ ಒಂದು ಶಕ್ತಿಯೇ

ಸಮುದ್ರದಿಂದ ನೂರಾರು ಕಿಲೋಮೀಟರು ದೂರದಲ್ಲಿರುವ ಬೀದರಿನ ವಿದ್ಯಾರ್ಥಿಗೆ ಹಾಯಿಹಡಗಿನ ವಿಚಾರವೇಕೆ ಎಂದು ಕೇಳುವವರುಂಟು. ಭಾಲ್ಕಿಯಲ್ಲಿಯೋ ಔರಾದಿನಲ್ಲಿಯೋ ಓದುವ ಹುಡುಗ ಹುಡುಗಿಯರಲ್ಲಿ ಬಹುಮಂದಿ ಕಡಲನ್ನೇ ಕಂಡಿರಲಾರರು. ಅವರಿಗೆ ಗಾಳಿಯೆಂದರೆ ಹೊಲದ ಮೇಲೆ ಬೀಸುವ ಗಾಳಿ, ನೀರೆಂದರೆ ಮಾಂಜ್ರಾ ನದಿಯ ಅಥವಾ ಕಾರಂಜಾ ಜಲಾಶಯದ ನೀರು. ಪ್ರಶ್ನೆ ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೂ ಅಲ್ಪವಾದ ಗಾಳಿಯಲ್ಲಿ ನೌಕೆ ನಡೆಸುವ ವಿದ್ಯೆ ನಮ್ಮ ವಿದ್ಯಾರ್ಥಿಗಳಿಗೆ ಅವಶ್ಯವಾಗಿ ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ.

ಬೀದರಿನ ಇತಿಹಾಸವೇ ಇದಕ್ಕೆ ಮೊದಲನೆಯ ಸಾಕ್ಷಿ. 1472ರಲ್ಲಿ ಕಟ್ಟಿ ಮುಗಿಸಿದ, ಇಂದಿಗೂ ನಗರದ ಹೆಮ್ಮೆಯಾಗಿರುವ ಮದರಸಾದ ನಿರ್ಮಾತೃ ಮಹಮೂದ್ ಗವಾನನು ಇರಾನಿನ ಗೀಲಾನ್ ಪ್ರಾಂತದವನು. ಅವನು 1453ರಲ್ಲಿ ಪಶ್ಚಿಮ ತೀರದ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದನು. ಅದೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನು ಮಾರಾಟಕ್ಕೆಂದು ಒಂದು ಕುದುರೆಯನ್ನು ಹಡಗಿಗೇರಿಸಿಕೊಂಡು ಹೊರ್ಮುಜಿನಿಂದ ಚೌಲ್ ಬಂದರಿಗೆ ಬಂದು, ಅಲ್ಲಿಂದ ಬೀದರನ್ನು ತಲಪಿದನು. ಇವರನ್ನು ಹೊತ್ತು ತಂದದ್ದು ಎಂಜಿನಲ್ಲ, ಬಟ್ಟೆಯ ಹಾಯಿ. ಗಾಳಿ ಕ್ಷೀಣಿಸಿದ ದಿನಗಳಲ್ಲಿ ಆ ನಾವಿಕರಿಗೆ ತಾಳ್ಮೆಯ ಹೊರತು ಬೇರೆ ಉಪಾಯವಿರಲಿಲ್ಲ.

ಇಂದಿನ ವಿಹಾರ ನೌಕೆಗಳಲ್ಲಿ ಕೆಟಮರಾನ್ ಎಂಬ ಜಾತಿ ಬಹಳ ಪ್ರಚಾರದಲ್ಲಿದೆ. ಹೆಸರು ತಮಿಳಿನ ‘ಕಟ್ಟುಮರಂ’ ಎಂಬುದರಿಂದ ಹುಟ್ಟಿದ್ದು. ಅದರ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೂಪವಾದರೋ ಪೆಸಿಫಿಕ್ ದ್ವೀಪವಾಸಿಗಳ ಜೋಡಿದೋಣಿಯದು. ಎರಡು ನೀಳವಾದ ಒಡಲುಗಳನ್ನು ಅಗಲವಾಗಿ ಜೋಡಿಸಿ, ನಡುವೆ ವಾಸದ ಕೋಣೆಯನ್ನು ಕಟ್ಟಿರುತ್ತಾರೆ. ಇದು ಒಂಟಿ ಒಡಲಿನ ದೋಣಿಯಂತೆ ಪಕ್ಕಕ್ಕೆ ವಾಲುವುದಿಲ್ಲ. ಆದರೆ ಎರಡು ಒಡಲುಗಳಿಗೂ ನೀರು ತಾಗುವುದರಿಂದ ಘರ್ಷಣೆ ಹೆಚ್ಚು. ದೀರ್ಘ ಪ್ರಯಾಣಕ್ಕೆ ಬೇಕಾದ ನೀರು, ಆಹಾರ, ಇಂಧನ, ಬ್ಯಾಟರಿಗಳನ್ನು ತುಂಬಿದ ಮೇಲಂತೂ ಮಂದವಾದ ಗಾಳಿಗೆ ಅದು ಮಿಸುಕುವುದೇ ಕಷ್ಟ. ಆಗ ಬಹುಮಂದಿ ಮಾಡುವ ಕೆಲಸವೆಂದರೆ ಎಂಜಿನನ್ನು ಹೊತ್ತಿಸುವುದು.

ಇದು ಸುಲಭವಾದ ದಾರಿ, ಸರಿಯಾದ ದಾರಿಯಲ್ಲ. ಹೊರುವ ಡೀಸೆಲ್ಲಿಗೆ ಮಿತಿಯಿದೆ, ಮಹಾಸಾಗರಕ್ಕೆ ಮಿತಿಯಿಲ್ಲ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಮೇಲೆ ದಿನಗಟ್ಟಲೆ ಮಂದವಾದ ಗಾಳಿಯೇ ಇರುವುದುಂಟು. ಅಂಥ ವೇಳೆಗಾಗಿಯೇ ಒಂದು ವಿಶೇಷವಾದ ಮುಂಹಾಯಿಯನ್ನು ರೂಪಿಸಿದ್ದಾರೆ. ತೆಳುವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ಈ ದೊಡ್ಡ ಹಾಯಿಯನ್ನು ನೌಕೆಯ ಮೂತಿಗಿಂತ ಮುಂದಕ್ಕೆ ಚಾಚಿದ ಕಂಬದ ತುದಿಗೆ ಕಟ್ಟಿ ಹರಡುತ್ತಾರೆ. ಬೇಡವಾದಾಗ ಅದರ ಮುಂಭಾಗದ ಗಟ್ಟಿ ಹಗ್ಗದ ಸುತ್ತ ಸುರುಳಿ ಸುತ್ತಿಬಿಡುತ್ತಾರೆ.

ಇದರ ತತ್ತ್ವ ಸರಳವಾದದ್ದು. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 12 ಕಿಲೋಮೀಟರು ವೇಗದ ಗಾಳಿ 6 ಕಿಲೋಮೀಟರಿಗೆ ಇಳಿದರೆ ಬಲವು ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಕಳೆದುಹೋದ ಬಲವನ್ನು ಮರಳಿ ಪಡೆಯಬೇಕಾದರೆ ಹಾಯಿಯ ವಿಸ್ತೀರ್ಣವನ್ನು ಹೆಚ್ಚಿಸಬೇಕು, ಭಾರವನ್ನು ಕಡಮೆಮಾಡಬೇಕು. ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ಯಂತ್ರಗಳು ಬರುವುದಕ್ಕೆ ಮೊದಲು ಕಣದಲ್ಲಿ ಜೋಳವನ್ನೋ ತೊಗರಿಯನ್ನೋ ತೂರುವಾಗ ಅವರು ಬಿರುಗಾಳಿಯನ್ನು ಬಯಸುತ್ತಿರಲಿಲ್ಲ. ಹದವಾದ ಗಾಳಿಗಾಗಿ ಕಾಯುತ್ತಿದ್ದರು. ಕಾಳು ಕಾಲ ಬಳಿಯೇ ಬೀಳುತ್ತಿತ್ತು, ಹೊಟ್ಟು ದೂರ ಹಾರುತ್ತಿತ್ತು. ಹಗುರವಾಗಿಯೂ ಅಗಲವಾಗಿಯೂ ಇರುವ ವಸ್ತುವನ್ನು ಅಲ್ಪವಾದ ಗಾಳಿಯೂ ಒಯ್ಯಬಲ್ಲುದು. ಹೊಟ್ಟಿನ ಈ ಗುಣವನ್ನು ನೌಕೆಗೆ ಎಷ್ಟುಮಟ್ಟಿಗೆ ತರಬಹುದೆಂಬುದೇ ಮಂದಮಾರುತದ ಹಾಯಿಯ ಹಿಂದಿರುವ ವಿಚಾರ.

ಆದರೆ ವಿಸ್ತೀರ್ಣವೊಂದೇ ಸಾಲದು, ದಿಕ್ಕೂ ಮುಖ್ಯ. ಗಾಳಿ ಗಂಟೆಗೆ 12 ಕಿಲೋಮೀಟರು ವೇಗದಲ್ಲಿ ಬೀಸುತ್ತಿದೆ, ನೌಕೆ 6 ಕಿಲೋಮೀಟರು ವೇಗದಲ್ಲಿ ಸಾಗುತ್ತಿದೆ ಎಂದಿಟ್ಟುಕೊಳ್ಳೋಣ. ಗಾಳಿ ಹಿಂದಿನಿಂದ ಬಂದರೆ ನೌಕೆಯು ಅದರಿಂದ ಓಡಿಹೋಗುತ್ತಿರುವುದರಿಂದ ಹಾಯಿಗೆ ತಾಗುವುದು 6 ಕಿಲೋಮೀಟರಿನ ಗಾಳಿ ಮಾತ್ರ. ಅದೇ ಗಾಳಿ ಲಂಬಕೋನದಲ್ಲಿ ಪಕ್ಕದಿಂದ ಬಂದರೆ, ಪೈಥಾಗೊರಸನ ಪ್ರಮೇಯದಂತೆ 144 ಮತ್ತು 36ನ್ನು ಕೂಡಿಸಿದ 180ರ ವರ್ಗಮೂಲ, ಎಂದರೆ ಸುಮಾರು 13.4 ಕಿಲೋಮೀಟರಿನ ಗಾಳಿ ತಾಗುತ್ತದೆ. ಒತ್ತಡಗಳನ್ನು ಹೋಲಿಸಿದರೆ 36ಕ್ಕೆ 180, ಅಂದರೆ ಐದು ಪಟ್ಟು! ಆದುದರಿಂದಲೇ ಜಾಣನಾದ ನಾವಿಕನು ಮಂದವಾದ ಗಾಳಿಯಲ್ಲಿ ನೆಟ್ಟಗೆ ಮುಂದಕ್ಕೆ ಓಡದೆ, ಸ್ವಲ್ಪ ಓರೆಯಾಗಿ ಹೆಚ್ಚು ದೂರ ಸಾಗಿಯೂ ಬೇಗ ಗುರಿ ಮುಟ್ಟುತ್ತಾನೆ. ಪಕ್ಕದ ಗಾಳಿಯಲ್ಲಿ ಹಾಯಿಯು ವಿಮಾನದ ರೆಕ್ಕೆಯಂತೆ ಗಾಳಿಯನ್ನು ಬಾಗಿಸಿ ಬಲವನ್ನು ಪಡೆಯುತ್ತದೆ. ಬೀದರಿನ ವಾಯುಪಡೆಯ ನೆಲೆಯಿಂದ ಏರುವ ತರಬೇತಿ ವಿಮಾನಗಳನ್ನು ನೋಡುವ ವಿದ್ಯಾರ್ಥಿಗೆ ಆ ರೆಕ್ಕೆಯೂ ಹಾಯಿಯೂ ಒಂದೇ ಕುಲದವೆಂದು ತಿಳಿಸಬೇಡವೇ?

ಇದೇ ಲೆಕ್ಕದಲ್ಲಿ ಅಪಾಯವೂ ಅಡಗಿದೆ. ಹಿಂಗಾಳಿಯಲ್ಲಿ ಹೋಗುವಾಗ ಮೈಗೆ ತಾಗುವ ಗಾಳಿ ಹಿತವಾಗಿರುತ್ತದೆ; ನಿಜವಾದ ಗಾಳಿ ಬಲಿಯುತ್ತಿರುವುದು ಅರಿವಿಗೆ ಬರುವುದಿಲ್ಲ. ಒಂಟಿ ಒಡಲಿನ ದೋಣಿ ವಾಲಿ ಎಚ್ಚರಿಸುತ್ತದೆ, ವಾಲಿದಾಗ ಹಾಯಿಯ ಮೇಲಿನ ಒತ್ತಡವೂ ತಗ್ಗುತ್ತದೆ. ಕೆಟಮರಾನ್ ವಾಲುವುದಿಲ್ಲವಾದ್ದರಿಂದ ಏರಿದ ಬಲವೆಲ್ಲ ಹಗ್ಗಗಳ ಮೇಲೂ ಹಾಯಿಕಂಬದ ಮೇಲೂ ಬೀಳುತ್ತದೆ. ಆಗ ಮೈಮರೆತು ನೌಕೆಯನ್ನು ಪಕ್ಕಕ್ಕೆ ತಿರುಗಿಸಿದರೆ ಬಲವು ಹಲವು ಪಟ್ಟಾಗಿ ತೆಳುವಾದ ಹಾಯಿ ಹರಿಯಬಹುದು. ಅದಕ್ಕಿಂತ ಕೆಟ್ಟದ್ದೂ ಸಂಭವಿಸಬಹುದು. ಗಾಳಿಯ ವೇಗವನ್ನು ಉಪಕರಣದಿಂದ ಅಳೆದು, ಆ ಹಾಯಿಗೆ ಗೊತ್ತುಮಾಡಿದ ಮಿತಿ ಮೀರುವುದಕ್ಕೆ ಮುಂಚೆಯೇ ಅದನ್ನು ಸುತ್ತಿಬಿಡಬೇಕು. ಸುತ್ತುವಾಗಲೂ ನೌಕೆಯನ್ನು ಹಿಂಗಾಳಿಗೆ ತಿರುಗಿಸಿ, ತಾಗುವ ಗಾಳಿಯನ್ನು ತಗ್ಗಿಸಿ, ದೊಡ್ಡ ಹಾಯಿಯ ಮರೆಯಲ್ಲಿ ಆ ಕೆಲಸ ಮಾಡುವುದು ಕ್ಷೇಮ. ನಾವಿಕನನ್ನು ಅಪಾಯಕ್ಕೆ ಒಡ್ಡುವ ಲೆಕ್ಕವೇ ಅವನನ್ನು ಕಾಪಾಡುತ್ತದೆ. ಆದರೆ ಅವನಿಗೆ ಲೆಕ್ಕ ತಿಳಿದಿರಬೇಕು.

‘ಇದೆಲ್ಲ ಸಿರಿವಂತರ ವಿಹಾರ, ನಮಗೇನು ಪ್ರಯೋಜನ?’ ಎಂದು ಆಕ್ಷೇಪಿಸಬಹುದು. ಅದೇ ತತ್ತ್ವ ನಮ್ಮ ದೀಪಗಳನ್ನೂ ಉರಿಸುತ್ತಿದೆಯೆಂಬುದನ್ನು ಆಕ್ಷೇಪಿಸುವವರು ಗಮನಿಸಬೇಕು. ಗಾಳಿಯಿಂದ ದೊರೆಯುವ ವಿದ್ಯುತ್ತು ಗಾಳಿಯ ವೇಗದ ಘನಕ್ಕೆ ಅನುಗುಣವಾದದ್ದು. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಭಾಗವಾಗುತ್ತದೆ. ಹಾಗೆಂದು ಎಂಜಿನಿಯರುಗಳು ಮಂದವಾದ ಗಾಳಿಯ ಪ್ರದೇಶಗಳನ್ನು ಕೈಬಿಡಲಿಲ್ಲ. ಅವರು ಯಂತ್ರದ ರೆಕ್ಕೆಗಳನ್ನು ಉದ್ದಮಾಡಿದರು. ರೆಕ್ಕೆಯ ಉದ್ದ ಇಮ್ಮಡಿಯಾದರೆ ಅದು ಬಳಸುವ ವರ್ತುಲದ ವಿಸ್ತೀರ್ಣ ನಾಲ್ಮಡಿಯಾಗುತ್ತದೆ. ಒಂದು ಕಾಲದಲ್ಲಿ ಗಾಳಿ ಸಾಲದೆಂದು ತಳ್ಳಿಹಾಕಿದ ನೆಲದಲ್ಲಿಯೂ ಹೀಗೆ ವಿದ್ಯುತ್ತು ಹುಟ್ಟುತ್ತಿದೆ. ನಾವಿಕನು ತೆಳುವಾದ ಬಟ್ಟೆಯಿಂದ ಸಾಧಿಸಿದುದನ್ನೇ ಎಂಜಿನಿಯರು ನೀಳವಾದ ರೆಕ್ಕೆಯಿಂದ ಸಾಧಿಸಿದನು.

ಆದ್ದರಿಂದ ನಮ್ಮ ಶಾಲಾಕಾಲೇಜುಗಳಿಗೆ ನನ್ನದೊಂದು ಸಲಹೆ. ಸಾಪೇಕ್ಷ ವೇಗವನ್ನು ಕಲಿಸುವಾಗ ಮಳೆ ಮತ್ತು ಛತ್ರಿಯ ಉದಾಹರಣೆಯಲ್ಲಿಯೇ ನಿಲ್ಲದೆ ಹಾಯಿಯನ್ನೂ ತನ್ನಿರಿ. ಎರಡು ಬಿದಿರಿನ ತುಂಡುಗಳನ್ನು ಅಡ್ಡಪಟ್ಟಿಗಳಿಂದ ಜೋಡಿಸಿ, ಒಂದು ಕಡ್ಡಿ ನೆಟ್ಟು, ಹಗುರವಾದ ಬಟ್ಟೆಯ ಹಾಯಿ ಕಟ್ಟಿದರೆ ಪುಟ್ಟ ಕೆಟಮರಾನ್ ಸಿದ್ಧವಾಗುತ್ತದೆ. ಇದಕ್ಕೆ ಜಲಾಶಯದ ಆಳವಾದ ನೀರಿಗೆ ಇಳಿಯಬೇಕಾಗಿಲ್ಲ. ಶಾಲೆಯ ಅಂಗಳದ ಮೊಣಕಾಲುದ್ದದ ತೊಟ್ಟಿಯೊಂದು ಸಾಕು. ಹಾಯಿಯನ್ನು ಹಿಗ್ಗಿಸಿ, ಕುಗ್ಗಿಸಿ, ಒಡಲ ಮೇಲೆ ಭಾರ ಏರಿಸಿ, ತೊಟ್ಟಿಯನ್ನು ದಾಟಲು ಹಿಡಿಯುವ ಸೆಕೆಂಡುಗಳನ್ನು ವಿದ್ಯಾರ್ಥಿಗಳೇ ಬರೆದಿಡಲಿ. ಪುಸ್ತಕದ ಸೂತ್ರ ಆಗ ಕಂಠಪಾಠದ ವಸ್ತುವಾಗಿ ಉಳಿಯುವುದಿಲ್ಲ.

ಪ್ರಬಲವಾದ ಶಕ್ತಿ ದೊರೆತಾಗ ಅದನ್ನು ಬಳಸುವುದು ದೊಡ್ಡ ಮಾತಲ್ಲ. ದೊರೆತ ಶಕ್ತಿ ಅಲ್ಪವಾಗಿರುವಾಗ ಅದನ್ನು ಅಳೆದು, ಅರಿತು, ತಕ್ಕ ಸಾಧನದಿಂದ ದುಡಿಸಿಕೊಳ್ಳುವುದರಲ್ಲಿಯೇ ವಿಜ್ಞಾನದ ಹಿರಿಮೆಯಿದೆ. ಸಾಧನಗಳು ಕಡಮೆಯೆಂದು ಕೊರಗುವ ಊರುಗಳ ವಿದ್ಯಾರ್ಥಿಗಳು ಈ ಪಾಠವನ್ನು ಇತರರಿಗಿಂತ ಮೊದಲು ಕಲಿಯುವುದು ಲೇಸು.