ಹಳಗನ್ನಡ ಕಾವ್ಯ: ಪಠ್ಯದ ಓದು, ಪ್ರೀತಿಯ ಓದು

ಸ್ನಾತಕೋತ್ತರ ತರಗತಿಗಳಲ್ಲಿ ಪಂಪ, ರನ್ನ, ಜನ್ನರನ್ನು ಬೋಧಿಸುವ ಅಧ್ಯಾಪಕರು ಮೇಲಿಂದ ಮೇಲೆ ಆಡುವ ಮಾತೊಂದಿದೆ: ಇಂದಿನ ವಿದ್ಯಾರ್ಥಿಗಳಿಗೆ ಹಳಗನ್ನಡ ಬೇಡವಾಗಿದೆ. ವಿಚಾರ ಸಂಕಿರಣದ ಸಮಾರೋಪದಲ್ಲಿ, ಅಧ್ಯಯನ ಮಂಡಳಿಯ ಸಭೆಯಲ್ಲಿ, ಮೌಲ್ಯಮಾಪನ ಕೇಂದ್ರದ ಚಹಾ ವಿರಾಮದಲ್ಲಿ ಇದು ಕೇಳಿಬರುತ್ತಲೇ ಇರುತ್ತದೆ. ವಿದ್ಯಾರ್ಥಿಗಳ ಕಡೆಯ ಉತ್ತರವೂ ಅಷ್ಟೇ ಸಿದ್ಧವಾದದ್ದು: ಹಳಗನ್ನಡ ಕಷ್ಟ. ಈ ಎರಡು ಮಾತುಗಳು ಒಂದನ್ನೊಂದು ಪೋಷಿಸುತ್ತ ಬಂದಿವೆ. ಬೇಡವಾದವರಿಗೆ ಏನನ್ನು ಕಲಿಸುವುದು ಎಂದು ಅಧ್ಯಾಪಕರು ಸುಮ್ಮನಾಗುತ್ತಾರೆ. ಕಷ್ಟವಾದದ್ದನ್ನು ಹೇಗೆ ಓದುವುದು ಎಂದು ವಿದ್ಯಾರ್ಥಿಗಳು ಗೈಡಿನ ಮೊರೆಹೋಗುತ್ತಾರೆ. ಇವರಿಬ್ಬರ ನಡುವೆ ಕಾವ್ಯ ಓದದೆಯೇ ಉಳಿಯುತ್ತದೆ.

ಆದರೆ ವಿದ್ಯಾರ್ಥಿಗಳಿಗೆ ಬೇಡವಾಗಿರುವುದು ಕಾವ್ಯವೋ ಅಥವಾ ಕಾವ್ಯವನ್ನು ತರಗತಿಯಲ್ಲಿ ಎದುರಾಗುವ ರೀತಿಯೋ ಎಂಬುದನ್ನು ಬೇರ್ಪಡಿಸಿ ನೋಡಿದ ಪ್ರಯತ್ನಗಳು ಕಡಿಮೆ. ಪಠ್ಯಕ್ಕಾಗಿ ಓದುವುದು ಬೇರೆ, ಪ್ರೀತಿಯಿಂದ ಓದುವುದು ಬೇರೆ ಎಂಬ ವಿಂಗಡಣೆ ವಿದ್ಯಾರ್ಥಿಯ ಮನಸ್ಸಿನಲ್ಲಿ ತಾನಾಗಿಯೇ ಹುಟ್ಟಿದ್ದಲ್ಲ. ಕುವೆಂಪು, ತೇಜಸ್ವಿ, ದೇವನೂರರನ್ನು ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಎಚ್ಚರವಿದ್ದು ಓದುವ ವಿದ್ಯಾರ್ಥಿಯೇ ಬೆಳಿಗ್ಗೆ ಪಂಪಭಾರತದ ತರಗತಿಯಲ್ಲಿ ಕಿಟಕಿಯ ಹೊರಗೆ ನೋಡುತ್ತಾನೆ. ಅವನು ಓದದವನಲ್ಲ. ಒಂದು ಬಗೆಯ ಓದಿನಿಂದ ಅವನನ್ನು ಹೊರಗಿರಿಸಲಾಗಿದೆ.

ಹೀಗೆ ಹೊರಗಿರಿಸುವ ಕೆಲಸ ವಿಶ್ವವಿದ್ಯಾಲಯಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ. ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ ವಿದ್ಯಾರ್ಥಿಗಳು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ರನ್ನ, ಕುಮಾರವ್ಯಾಸ, ಲಕ್ಷ್ಮೀಶರ ಪದ್ಯಗಳನ್ನು ಕಂಡಿರುತ್ತಾರೆ. ಅಲ್ಲಿ ಅವರಿಗೆ ಮೂರು ಕೆಲಸಗಳಿರುತ್ತವೆ: ಪದ್ಯವನ್ನು ಕಂಠಪಾಠ ಮಾಡಿ ಬಿಟ್ಟ ಸಾಲುಗಳನ್ನು ಪೂರ್ಣಗೊಳಿಸುವುದು, ಸಂದರ್ಭ ಸ್ವಾರಸ್ಯ ಬರೆಯುವುದು, ಪ್ರಸ್ತಾರ ಹಾಕಿ ಗಣ ವಿಭಾಗಿಸಿ ಛಂದಸ್ಸನ್ನು ಹೆಸರಿಸುವುದು. ಮೂರರಲ್ಲಿಯೂ ಅಂಕಗಳು ಖಚಿತವಾಗಿ ಸಿಗುತ್ತವೆ. ಈ ಪ್ರಸ್ತಾರದ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ಗಣಗಳು ಬರುತ್ತವೆ. ಮೂರು ಮತ್ತು ಆರನೆಯ ಸಾಲುಗಳು ಅದನ್ನು ಇನ್ನೊಂದು ಸುತ್ತು ಮುಂದಕ್ಕೆ ಒಯ್ದು ಒಂದು ಗುರುವಿನಲ್ಲಿ ನಿಲ್ಲುತ್ತವೆ. ಹದಿನೈದು ವರ್ಷದ ಹುಡುಗಿ ಇದನ್ನು ಗೀಟು ಎಳೆದು, ಲಘು ಗುರು ಗುರುತಿಸಿ, ತಪ್ಪಿಲ್ಲದೆ ಬರೆಯಬಲ್ಲಳು. ಆದರೆ ಅದೇ ಪದ್ಯವನ್ನು ಗಟ್ಟಿಯಾಗಿ ಓದಲು ಹೇಳಿದರೆ ವರದಿ ಓದುವಂತೆ ಓದುತ್ತಾಳೆ. ಮೂರು-ನಾಲ್ಕರ ಆ ನಡಿಗೆ ಅವಳ ಪೆನ್ಸಿಲಿಗೆ ಗೊತ್ತು, ನಾಲಿಗೆಗೆ ಗೊತ್ತಿಲ್ಲ. ಮಾಪನವನ್ನು ಕಲಿಸಿ ಲಯವನ್ನು ಕಲಿಸದೆ ಬಿಟ್ಟ ಶಿಕ್ಷಣ ಕ್ರಮದ ಫಲವಿದು.

ಇಷ್ಟಾದರೂ ಕಂಠಪಾಠವನ್ನು ಸಾರಾಸಗಟಾಗಿ ಹಳಿಯುವುದು ಸರಿಯಲ್ಲ. ಸ್ನಾತಕೋತ್ತರ ತರಗತಿಗೆ ಬಂದ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಹಳೆಯ ಕಾವ್ಯದಿಂದ ಉಳಿದುಬಂದಿರುವ ಏಕೈಕ ಸ್ವತ್ತು ಪ್ರೌಢಶಾಲೆಯಲ್ಲಿ ಉರುಹೊಡೆದ ಆ ಒಂದೆರಡು ಷಟ್ಪದಿಗಳೇ. ಅರ್ಥ ಮರೆತಿರುತ್ತದೆ, ಪದಗಳು ಮರೆತಿರುವುದಿಲ್ಲ. ಕಂಠಪಾಠವನ್ನು ಅನಾಗರಿಕವೆಂದು ತೆಗೆದುಹಾಕಿದ ಶಾಲೆಗಳಿಂದ ಬಂದವರಿಗೆ ಈ ಸ್ವತ್ತೂ ಇಲ್ಲ.

ಪದವಿ ತರಗತಿಗಳಲ್ಲಿ ಹಳಗನ್ನಡವೆಂದರೆ ಆಯ್ದ ಭಾಗ. ಪಂಪಭಾರತದ ಹದಿನಾಲ್ಕು ಆಶ್ವಾಸಗಳಲ್ಲಿ ಒಂದರ ಒಂದು ತುಂಡು, ಗದಾಯುದ್ಧದಿಂದ ದುರ್ಯೋಧನನ ವಿಲಾಪ, ಹರಿಶ್ಚಂದ್ರ ಕಾವ್ಯದ ಸ್ಮಶಾನದ ಸನ್ನಿವೇಶ, ಹೀಗೆ. ಆಯ್ಕೆ ಅನಿವಾರ್ಯವೆಂಬುದು ನಿಜ. ಆದರೆ ಆಯ್ದ ಭಾಗವನ್ನೇ ಕಾವ್ಯವೆಂದು ತಿಳಿಯುವ ಅಭ್ಯಾಸ ಬೆಳೆದಾಗ ಏನಾಗುತ್ತದೆ ಎಂಬುದಕ್ಕೆ ಗದಾಯುದ್ಧವೇ ಉದಾಹರಣೆ. ದುರ್ಯೋಧನ ರಣಭೂಮಿಯಲ್ಲಿ ಹೆಣಗಳನ್ನು ದಾಟುತ್ತ ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣರ ಬಳಿ ನಿಂತು ಮಾತಾಡುವ ಭಾಗವನ್ನು ಹೆಚ್ಚುಕಡಿಮೆ ಎಲ್ಲ ವಿದ್ಯಾರ್ಥಿಗಳೂ ಓದಿರುತ್ತಾರೆ. ಪರೀಕ್ಷೆಯಲ್ಲಿ ‘ರನ್ನನ ದುರ್ಯೋಧನ ದುರಂತ ನಾಯಕ, ಚರ್ಚಿಸಿ’ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಪತ್ರಿಕೆಗಳಲ್ಲಿ ಗ್ರೀಕ್ ನಾಟಕ, ಅರಿಸ್ಟಾಟಲ್, ಬಿ.ಎಂ.ಶ್ರೀ. ಎಲ್ಲರೂ ಬರುತ್ತಾರೆ, ದುರ್ಯೋಧನ ಬರುವುದಿಲ್ಲ. ಬಿ.ಎಂ.ಶ್ರೀ.ಯವರು ರನ್ನನ ಕಾವ್ಯವನ್ನು ತಾವೇ ನಾಟಕಕ್ಕೆ ಅಳವಡಿಸಿದ್ದು ಅದು ಕಿವಿಗೂ ಕಣ್ಣಿಗೂ ಎಟುಕಬೇಕೆಂಬ ಹಂಬಲದಿಂದ. ಅವರ ಆ ಹಂಬಲ ಗೈಡುಗಳಲ್ಲಿ ಎರಡು ಪುಟದ ಉತ್ತರವಾಗಿ ಒಣಗಿದೆ. ಕಾವ್ಯದ ಉಳಿದ ಆಶ್ವಾಸಗಳನ್ನು ಓದದ ವಿದ್ಯಾರ್ಥಿಗೆ ಭೀಮನನ್ನು ನಾಯಕನಾಗಿಸಿ, ತನ್ನ ದೊರೆಯೊಡನೆ ಸಮೀಕರಿಸಿ ಬರೆಯಲು ಹೊರಟ ಕವಿಯ ಕೈಯಲ್ಲಿ ಎದುರಾಳಿ ಏಕೆ ಇಷ್ಟು ದೊಡ್ಡವನಾಗಿ ಬೆಳೆದ ಎಂಬ ಪ್ರಶ್ನೆ ಏಳುವುದೇ ಇಲ್ಲ. ಪ್ರಶ್ನೆಯೇ ಏಳದ ಕಡೆ ಸಂತೋಷಕ್ಕೂ ಸ್ಥಳವಿಲ್ಲ.

ಅಧ್ಯಾಪಕ ವೃತ್ತಿಯ ಅರ್ಹತಾ ಪರೀಕ್ಷೆಗಳು ಈ ಸ್ಥಿತಿಗೆ ಕೊನೆಯ ಮುದ್ರೆಯೊತ್ತಿವೆ. ಯು.ಜಿ.ಸಿ.ಯ ಎನ್.ಇ.ಟಿ. ಪರೀಕ್ಷೆಯ ಮೂರನೆಯ ಪತ್ರಿಕೆ 2011ರವರೆಗೆ ವಿವರಣಾತ್ಮಕವಾಗಿತ್ತು. 2012ರ ಜೂನ್ ತಿಂಗಳಿನಿಂದ ಅದೂ ಬಹು ಆಯ್ಕೆಯ ಪ್ರಶ್ನೆಗಳ ಪತ್ರಿಕೆಯಾಯಿತು. ಅಂದಿನಿಂದ ಹಳಗನ್ನಡದ ಓದೆಂದರೆ ಕವಿ, ಕೃತಿ, ಆಶ್ರಯದಾತ, ಕಾಲ, ಬಿರುದುಗಳನ್ನು ಹೊಂದಿಸುವ ಓದು. ಆದಿಪುರಾಣ 941, ಯಶೋಧರ ಚರಿತೆ 1209 ಎಂದು ನಿದ್ದೆಯಲ್ಲಿಯೂ ಹೇಳಬಲ್ಲ ವಿದ್ಯಾರ್ಥಿಗಳು ಈಗ ಎಲ್ಲ ವಿಭಾಗಗಳಲ್ಲಿಯೂ ಇದ್ದಾರೆ. ಅವರನ್ನು ದೂರುವಂತಿಲ್ಲ. ಉದ್ಯೋಗದ ಬಾಗಿಲು ಅಲ್ಲಿದೆ, ಮನೆಯಲ್ಲಿ ಕಾಯುತ್ತಿರುವವರಿದ್ದಾರೆ. ಆದರೆ ಹೀಗೆ ಬಾಗಿಲು ದಾಟಿದವರೇ ಮರುವರ್ಷ ಪಂಪನನ್ನು ಬೋಧಿಸಲು ನಿಲ್ಲುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

ವಿದ್ಯಾರ್ಥಿಗಳ ಭಾವನೆಗಳಲ್ಲಿ ಬೇಸರಕ್ಕಿಂತ ಗಂಭೀರವಾದದ್ದು ನಾಚಿಕೆ. ಈ ಬಗ್ಗೆ ಯಾರೂ ಮಾತಾಡುವುದಿಲ್ಲ. ಕನ್ನಡ ಎಂ.ಎ. ವಿದ್ಯಾರ್ಥಿಗೆ ಹಳಗನ್ನಡ ಬರಬೇಕು ಎಂಬ ನಿರೀಕ್ಷೆ ಎಲ್ಲರಲ್ಲಿಯೂ ಇರುತ್ತದೆ, ಸ್ವತಃ ಅವನಲ್ಲಿಯೂ. ಬರುವುದಿಲ್ಲ ಎಂದು ತರಗತಿಯಲ್ಲಿ ಹೇಳಿಕೊಳ್ಳುವ ಧೈರ್ಯವಿಲ್ಲದೆ ಮೊದಲ ಸೆಮಿಸ್ಟರ್ ಕಳೆಯುತ್ತದೆ. ‘ಱ’, ‘ೞ’ ಅಕ್ಷರಗಳನ್ನು ಕಂಡು ತಡವರಿಸಿದ್ದಕ್ಕೆ ಒಮ್ಮೆ ನಕ್ಕರೆ ಸಾಕು, ಆ ವಿದ್ಯಾರ್ಥಿ ಮತ್ತೆ ಬಾಯಿ ತೆರೆಯುವುದಿಲ್ಲ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ದೊರೆತ ಮೇಲೆ ಈ ನಾಚಿಕೆಗೆ ಅಭಿಮಾನದ ಭಾರವೂ ಸೇರಿಕೊಂಡಿದೆ. ವೇದಿಕೆಯ ಮೇಲೆ ಹೊಗಳಿಕೆ ಹೆಚ್ಚಿದಷ್ಟೂ ಓದಲಾರದವನ ಅಪರಾಧಿ ಭಾವ ಹೆಚ್ಚುತ್ತದೆ. ಬನವಾಸಿಯನ್ನು ಕುರಿತ ಪಂಪನ ಸಾಲು ಗೋಡೆಗಳ ಮೇಲೂ ಬ್ಯಾನರುಗಳ ಮೇಲೂ ಕಾಣುತ್ತದೆ. ಅದರ ಹಿಂದಿನ ಮುಂದಿನ ಪದ್ಯಗಳನ್ನು ಓದಿದವರು ಬ್ಯಾನರು ಕಟ್ಟಿದವರಲ್ಲಿ ಎಷ್ಟು ಮಂದಿ ಎಂದು ಕೇಳುವುದು ಸೌಜನ್ಯವಲ್ಲ.

ನಾಚಿಕೆಯ ಇನ್ನೊಂದು ಮುಖ ಹೆಚ್ಚು ನೋವಿನದು. ಉತ್ತರ ಕರ್ನಾಟಕದ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳ ತಂದೆ ದೊಡ್ಡಾಟದಲ್ಲಿ ಕರ್ಣನ ಪಾತ್ರ ಮಾಡುವವರಿರಬಹುದು. ಕರಾವಳಿಯ ಹುಡುಗ ಚಿಕ್ಕಂದಿನಿಂದ ತಾಳಮದ್ದಳೆ ಕೇಳುತ್ತ ಬೆಳೆದು, ಕೃಷ್ಣಸಂಧಾನದಲ್ಲಿ ಯಾರ ಮಾತಿಗೆ ಯಾರು ಏನು ಎದುರುತ್ತರ ಕೊಡಬಹುದೆಂದು ಹತ್ತು ಬಗೆಯಲ್ಲಿ ಬಲ್ಲವನಿರಬಹುದು. ಭಾರತದ ಪಾತ್ರಗಳನ್ನು ಕುರಿತು ಇಂಥವರಿಗಿರುವ ತಿಳಿವಳಿಕೆ ಪಠ್ಯದಿಂದ ಮಾತ್ರ ಕಲಿತವರಿಗೆ ಇರುವುದಿಲ್ಲ. ಆದರೂ ತರಗತಿಯಲ್ಲಿ ಅವರು ಸುಮ್ಮನಿರುತ್ತಾರೆ. ಮನೆಯಲ್ಲಿ ಕೇಳಿದ್ದು ಆಟ, ಇಲ್ಲಿ ಓದುತ್ತಿರುವುದು ಸಾಹಿತ್ಯ ಎಂಬ ಗೆರೆಯನ್ನು ಯಾರೋ ಎಳೆದಿದ್ದಾರೆ. ಜಾನಪದ ಪತ್ರಿಕೆಯಲ್ಲಿ ದೊಡ್ಡಾಟ, ಪ್ರಾಚೀನ ಸಾಹಿತ್ಯ ಪತ್ರಿಕೆಯಲ್ಲಿ ಪಂಪ ಎಂದು ಪಠ್ಯಕ್ರಮವೂ ಆ ಗೆರೆಯನ್ನು ಗಟ್ಟಿಗೊಳಿಸಿದೆ. ಪಂಪನ ಕರ್ಣನಿಗೂ ದೊಡ್ಡಾಟದ ಕರ್ಣನಿಗೂ ವ್ಯತ್ಯಾಸವೇನು ಎಂದು ಆ ವಿದ್ಯಾರ್ಥಿನಿಯನ್ನು ಕೇಳಿದ್ದರೆ ಅವಳು ತರಗತಿಗೆ ಕಲಿಸಬಲ್ಲವಳಾಗುತ್ತಿದ್ದಳು.

ಹಳಗನ್ನಡವನ್ನು ಕೈಬಿಟ್ಟು ಹೊಸಗನ್ನಡ ಗದ್ಯಾನುವಾದಗಳನ್ನೇ ಇಟ್ಟರೆ ಸಾಕೆಂಬ ವಾದವೊಂದಿದೆ. ಇದನ್ನು ಒಪ್ಪುವುದು ಕಷ್ಟ. ಸಾರಾಂಶದಲ್ಲಿ ಕಥೆ ಸಿಗುತ್ತದೆ. ಕಥೆ ಮೊದಲೇ ಗೊತ್ತಿದ್ದದ್ದೇ. ಭಾರತದ ಕಥೆಗಾಗಿ ಯಾರೂ ಪಂಪನ ಬಳಿಗೆ ಹೋಗಬೇಕಾಗಿಲ್ಲ. ಇದಕ್ಕಿಂತ ವಿವೇಕದ ದಾರಿಯನ್ನು ಎಲ್. ಬಸವರಾಜು ಅವರು ತೋರಿಸಿಕೊಟ್ಟಿದ್ದಾರೆ. ಅವರ ‘ಸರಳ ಪಂಪಭಾರತ’ ಕವಿಯ ಮಾತುಗಳನ್ನು ಬದಲಿಸದೆ, ಸಂಧಿಗಳನ್ನು ಬಿಡಿಸಿ, ಓದುಗನ ಕಣ್ಣಿಗೆ ದಾರಿ ಮಾಡಿಕೊಡುತ್ತದೆ. ಪದ್ಯ ಕಷ್ಟವಾಗಿರುವುದಕ್ಕೆ ಅರ್ಧ ಕಾರಣ ಅಚ್ಚಿನ ರೀತಿಯೇ ಎಂಬುದು ಅದನ್ನು ಓದಿದಾಗ ಮನವರಿಕೆಯಾಗುತ್ತದೆ. ಇಂಥ ಆವೃತ್ತಿಗಳನ್ನು ಪಂಡಿತರಲ್ಲದವರಿಗೆ ಮಾಡಿದ ರಿಯಾಯಿತಿಯೆಂದು ಕಂಡು ಶಾಸ್ತ್ರೀಯ ಆವೃತ್ತಿಗಳನ್ನಷ್ಟೇ ಪಠ್ಯವಾಗಿಡುವ ಮನೋಭಾವ ಕೆಲವು ವಿಭಾಗಗಳಲ್ಲಿ ಇನ್ನೂ ಉಳಿದಿದೆ. ಪಾಠಾಂತರಗಳ ಚರ್ಚೆ ಸಂಶೋಧನೆಗೆ ಬೇಕು. ಮೊದಲ ಓದಿಗೆ ಅದು ಬೇಲಿ.

ಪ್ರೀತಿಯ ಓದು ಸಾಧ್ಯವಾಗಬೇಕಾದರೆ ವಿದ್ಯಾರ್ಥಿ ಕನಿಷ್ಠ ಒಂದು ಹಳೆಯ ಕೃತಿಯನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಿರಬೇಕು. ಇದಕ್ಕೆ ಜನ್ನನ ಯಶೋಧರ ಚರಿತೆಗಿಂತ ತಕ್ಕ ಕೃತಿ ಸಿಗುವುದು ಕಷ್ಟ. ನಾಲ್ಕು ಅವತಾರಗಳು, ಮುನ್ನೂರಕ್ಕೆ ತುಸು ಮೀರಿದ ಪದ್ಯಗಳು, ಬಹುಪಾಲು ಕಂದ. ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಇಪ್ಪತ್ತು ಪದ್ಯಗಳಂತೆ ಓದಿದರೂ ಮುಗಿಯುತ್ತದೆ. ಬಲಿಗೆಂದು ತಂದ ಅಣ್ಣತಂಗಿಯರು ಕೊಲ್ಲಲಿರುವ ದೊರೆಯ ಮುಂದೆಯೇ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ರಾತ್ರಿ ಎಲ್ಲಿಂದಲೋ ತೇಲಿಬಂದ ಹಾಡಿಗೆ ರಾಣಿ ಮನಸೋಲುತ್ತಾಳೆ. ಹಾಡಿದವನು ಕುರೂಪಿ ಮಾವುತ. ಗಂಡ ಕತ್ತಿ ಹಿರಿದು ತಡೆದುಕೊಳ್ಳುತ್ತಾನೆ. ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಹುಂಜವನ್ನು ಬಲಿಕೊಟ್ಟರೆ ಅದು ಕೂಗುತ್ತದೆ. ಸಂಕಲ್ಪದ ಹಿಂಸೆಯೂ ಹಿಂಸೆಯೇ ಎಂಬ ಜೈನ ನಿಲುವು, ಅಮೃತಮತಿಯ ಆಸೆಯನ್ನು ಕವಿ ಕಂಡ ಬಗೆ, ಅದಕ್ಕೆ ಅವನು ವಿಧಿಸುವ ದಂಡನೆ, ಇವುಗಳನ್ನು ಕುರಿತು ಇಪ್ಪತ್ತೆರಡರ ಹರೆಯದವರಿಗೆ ಹೇಳಲು ಮಾತಿರುತ್ತದೆ, ಜಗಳವಿರುತ್ತದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ವನ್ನು ಆಧುನಿಕ ಸಾಹಿತ್ಯ ಪತ್ರಿಕೆಯಲ್ಲಿ ಓದಿದವರು ಜನ್ನನನ್ನು ಬೇರೆ ಪತ್ರಿಕೆಯಲ್ಲಿ ತುಂಡಾಗಿ ಓದುತ್ತಾರೆ, ಎರಡನ್ನೂ ಒಂದು ಮೇಜಿನ ಮೇಲಿಟ್ಟು ನೋಡುವ ಅವಕಾಶ ಬಹುತೇಕ ಯಾರಿಗೂ ಒದಗುವುದಿಲ್ಲ. ಪದ್ಯಕ್ಕೆ ಹೆದರುವವರಿಗೆ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ನಾಲ್ಕೈದು ಪೂರ್ಣ ಕಥೆಗಳು ಒಳ್ಳೆಯ ಪ್ರವೇಶ.

ಎರಡನೆಯದು ಕಿವಿಯ ಮಾತು. ಈ ಕಾವ್ಯಗಳು ಶತಮಾನಗಳ ಕಾಲ ಬದುಕಿದ್ದು ಓದುವವನೊಬ್ಬ, ಕೇಳುವವರು ಹಲವರು ಎಂಬ ಕ್ರಮದಲ್ಲಿ. ಗದುಗಿನ ಭಾರತವನ್ನು ಹಳ್ಳಿಯ ಗುಡಿಯ ಜಗುಲಿಯಲ್ಲಿ ಕೇಳಿದವರಲ್ಲಿ ಅಕ್ಷರ ಬಾರದವರೇ ಹೆಚ್ಚು. ಅವರಾರೂ ಕುಮಾರವ್ಯಾಸ ಕಷ್ಟವೆಂದು ಹೇಳಿದಂತಿಲ್ಲ. ಶಿವಮೊಗ್ಗ ಸಮೀಪದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ಅವರು ತೀರಿಕೊಂಡರು. ಗಮಕ ಕಲೆಗೆ ಗೌರವ ಸಲ್ಲಿಸಿದ ಸುದ್ದಿ ಎಲ್ಲ ವಿಭಾಗಗಳ ಸೂಚನಾ ಫಲಕಕ್ಕೂ ತಲುಪಿತು. ತರಗತಿಯ ವೇಳಾಪಟ್ಟಿಗೆ ಗಮಕ ಮಾತ್ರ ತಲುಪಲಿಲ್ಲ. ವರ್ಷಕ್ಕೊಮ್ಮೆ ಗಮಕಿಗಳನ್ನು ಕರೆಸಿ, ಹಾರ ಹಾಕಿ, ಛಾಯಾಚಿತ್ರ ತೆಗೆಸಿಕೊಂಡು ಕಳುಹಿಸುವುದರಿಂದ ಪ್ರಯೋಜನವಿಲ್ಲ. ವಿದ್ಯಾರ್ಥಿ ತಾನೇ ಓದಬೇಕು, ತಪ್ಪಬೇಕು, ಉಸಿರು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಒದ್ದಾಡಬೇಕು. ಪದವನ್ನು ಎಲ್ಲಿ ಒಡೆಯಬೇಕೆಂಬುದು ಬಾಯಿಗೆ ಬಂದಾಗ ಅರ್ಥದ ಅರ್ಧ ಕೆಲಸ ಮುಗಿದಿರುತ್ತದೆ. ರಾಗ ಬಾರದವರು ರಾಗವಿಲ್ಲದೆ ಓದಿದರೂ ಸರಿಯೇ.

ಆಂತರಿಕ ಮೌಲ್ಯಮಾಪನದ ಅಂಕಗಳು ಇಂದು ಕಿರುಪರೀಕ್ಷೆಗೆ ಮತ್ತು ಅಂತರಜಾಲದಿಂದ ಇಳಿಸಿದ ನಿಯೋಜಿತ ಬರಹಕ್ಕೆ ಸಂದುಹೋಗುತ್ತಿವೆ. ಅವುಗಳಲ್ಲಿ ಒಂದು ಪಾಲನ್ನು ವಾಚನಕ್ಕೆ ಮೀಸಲಿಡಲು ಯಾವ ನಿಯಮದ ಅಡ್ಡಿಯೂ ಇರಲಾರದು. ತಾನು ಆರಿಸಿಕೊಂಡ ಹತ್ತು ಪದ್ಯಗಳನ್ನು ವಿದ್ಯಾರ್ಥಿ ಗಟ್ಟಿಯಾಗಿ ಓದಿ, ಅವನ್ನೇ ಏಕೆ ಆರಿಸಿಕೊಂಡೆನೆಂದು ಹೇಳಿದರೆ ಸಾಕು. ಇಷ್ಟವಾಗಲಿಲ್ಲವೆಂದು ಹೇಳುವ ಸ್ವಾತಂತ್ರ್ಯವೂ ಅದರಲ್ಲಿರಬೇಕು. ಕಾವ್ಯ ಇಷ್ಟವಾಗಲಿಲ್ಲ ಎನ್ನುವ ಉತ್ತರಕ್ಕೆ ಅಂಕ ಕೊಟ್ಟ ಉದಾಹರಣೆ ನಮ್ಮ ಪರೀಕ್ಷಾ ಪದ್ಧತಿಯಲ್ಲಿ ಅಪರೂಪ. ಈ ಸಲಹೆಗೆ ಬರಬಹುದಾದ ಆಕ್ಷೇಪ ಸಮಯದ ಅಭಾವದ್ದು. ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವ ವಿಭಾಗಗಳಲ್ಲಿ ಅದು ನಿಜವಾದ ಆಕ್ಷೇಪವೂ ಹೌದು. ಆದರೆ ಅದಕ್ಕಿಂತ ದೊಡ್ಡ ತೊಡಕನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಿದ್ಯಾರ್ಥಿಯನ್ನು ಓದಿಸುವ ಮೊದಲು ಅಧ್ಯಾಪಕರು ಒಂದು ಕಂದಪದ್ಯವನ್ನು ತಡವರಿಸದೆ ಓದಿ ತೋರಿಸಬೇಕಾಗುತ್ತದೆ. ಟಿಪ್ಪಣಿಯ ಹಾಳೆಯನ್ನು ಮೇಜಿನ ಮೇಲಿಟ್ಟು ಹಾಗೆ ಓದಬಲ್ಲವರು ಎಷ್ಟು ಮಂದಿ ಎಂಬುದು ಪ್ರತಿಯೊಂದು ವಿಭಾಗಕ್ಕೂ ತನ್ನೊಳಗೆ ಗೊತ್ತಿದೆ.