ಬದುಕಿದ್ದಾಗ ಸಿಗದ ಸೀಟು

ಹರಿಹರದಲ್ಲಿ ತುಂಗಭದ್ರೆ ದಾಟಿ ರಾಣೇಬೆನ್ನೂರಿನ ಹಾದಿ ಹಿಡಿದರೆ ಚಳಗೇರಿ ಎಂಬ ಊರು ಸಿಗುತ್ತದೆ. ಆ ಊರಿನ ಹುಡುಗ ನವೀನ್ ಶೇಖರಪ್ಪ ಗ್ಯಾನಗೌಡರ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಸತ್ತ. ವಯಸ್ಸು 21. ಮೆಡಿಕಲ್ ನಾಲ್ಕನೇ ವರ್ಷ. ಹೊಟ್ಟೆಗೆ ಏನಾದರೂ ತರೋಣವೆಂದು ಅಂಗಡಿಯ ಸರದಿಯಲ್ಲಿ ನಿಂತಿದ್ದಾಗ ರಷ್ಯಾದ ದಾಳಿಗೆ ಬಲಿಯಾದ. ಇಪ್ಪತ್ತು ದಿನ ಬಿಟ್ಟು, ಮಾರ್ಚ್ 21ರಂದು ಶವ ಊರಿಗೆ ಬಂತು. ಹೆತ್ತವರು ಆ ದೇಹವನ್ನು ಮಣ್ಣಿಗೂ ಕೊಡಲಿಲ್ಲ, ಬೆಂಕಿಗೂ ಕೊಡಲಿಲ್ಲ. ದಾವಣಗೆರೆಯ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ದಾನ ಮಾಡಿದರು. ಬೇರೆ ಮಕ್ಕಳಾದರೂ ಓದಿಕೊಳ್ಳಲಿ ಎಂದು.

ಆ ತಂದೆ ತಾಯಿಗೆ ಕೈಮುಗಿಯೋಣ. ಆದರೆ ಕೈಮುಗಿದು ಸುಮ್ಮನಾಗುವ ವಿಷಯವಲ್ಲ ಇದು. ಪಿಯುಸಿಯಲ್ಲಿ ನೂರಕ್ಕೆ 97 ಬಂದರೂ ಮಗನಿಗೆ ಇಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ, ಕೋಟಿ ಸುರಿಯುವ ಶಕ್ತಿ ನಮಗಿರಲಿಲ್ಲ ಎಂದು ಆ ತಂದೆ ಅಂದು ಇಡೀ ದೇಶಕ್ಕೆ ಕೇಳುವಂತೆ ಹೇಳಿದರು. ಬದುಕಿದ್ದಾಗ ನಾಡಿನ ಮೆಡಿಕಲ್ ಕಾಲೇಜಿನ ಬಾಗಿಲು ದಾಟಲಾಗದ ಕನ್ನಡದ ಹುಡುಗ ಸತ್ತ ಮೇಲೆ ಆ ಬಾಗಿಲು ದಾಟಿದ. ಇದಕ್ಕಿಂತ ದೊಡ್ಡ ಅಣಕ ಬೇಕೆ?

ವಿದೇಶದಲ್ಲಿ ಓದುವುದು ಲಾಭವೋ ನಷ್ಟವೋ ಎಂಬ ಚರ್ಚೆ ಪಿ.ಜೆ. ಬಡಾವಣೆಯ ಪಡಸಾಲೆಯಿಂದ ಹರಿಹರದ ಬಸ್ ನಿಲ್ದಾಣದವರೆಗೆ ನಡೆಯುತ್ತಲೇ ಇದೆ. ಆ ಚರ್ಚೆಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಹುಡುಗರು ಹೋಗುತ್ತಿದ್ದಾರೋ, ನಾವು ಅವರನ್ನು ಓಡಿಸುತ್ತಿದ್ದೇವೋ?

ದಾವಣಗೆರೆಯ ಕತೆಯನ್ನೇ ನೋಡಿ. ಹತ್ತಿ ಗಿರಣಿಗಳ ಕಾಲದಲ್ಲಿ ಇದು ಕರ್ನಾಟಕದ ಮ್ಯಾಂಚೆಸ್ಟರ್. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1941ರಲ್ಲಿ ಶುರುವಾಗಿ ಹರಿಹರಕ್ಕೆ ಹೆಸರು ತಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಅಪ್ಪ ಗಿರಣಿಯಲ್ಲಿ, ಮಗ ಕಾರ್ಖಾನೆಯಲ್ಲಿ ಎಂಬ ಭರವಸೆ ಹೋಯಿತು. ಉಳಿದದ್ದು ಒಂದೇ ದಾರಿ, ಓದು. ಊರೂ ಹಾಗೆಯೇ ಬದಲಾಯಿತು. 1951ರ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ಮೆಡಿಕಲ್ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಮತ್ತು ಡೆಂಟಲ್ ಕಾಲೇಜುಗಳು, 2006ರ ಎಸ್.ಎಸ್. ಮೆಡಿಕಲ್ ಕಾಲೇಜು, 2009ರ ವಿಶ್ವವಿದ್ಯಾಲಯ. ಮ್ಯಾಂಚೆಸ್ಟರ್ ಹೋಗಿ ವಿದ್ಯಾನಗರಿ ಬಂತು. ಬೆಣ್ಣೆ ದೋಸೆಯಷ್ಟೇ ಕಾಲೇಜಿಗೂ ಊರು ಹೆಸರಾಯಿತು. ಆದರೆ ಎರಡೆರಡು ಮೆಡಿಕಲ್ ಕಾಲೇಜಿರುವ ಊರಿನ ಕೂಗಳತೆಯಿಂದ ಒಬ್ಬ ಹುಡುಗ ಖಾರ್ಕಿವ್‌ವರೆಗೆ ಹೋಗಬೇಕಾಯಿತು. ಕಾರಣ ದೂರವಲ್ಲ, ದರ.

ಆ ದರದ ಲೆಕ್ಕ ಹೀಗಿದೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಅದು ತಪ್ಪಿ ಖಾಸಗಿ ಕೋಟಾಕ್ಕೆ ಬಿದ್ದರೆ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಅನಿವಾಸಿ ಕೋಟಾದ ಮಾತು ಎತ್ತುವುದೇ ಬೇಡ. ನಾಲ್ಕೂವರೆ ವರ್ಷಕ್ಕೆ ಗುಣಿಸಿ, ಹಾಸ್ಟೆಲು ಊಟ ಸೇರಿಸಿ: ಅರ್ಧ ಕೋಟಿಯಿಂದ ಕೋಟಿ. ಉಕ್ರೇನಿನಲ್ಲಿ ಆರು ವರ್ಷದ ಓದು ಇಪ್ಪತ್ತರಿಂದ ಮೂವತ್ತು ಲಕ್ಷದೊಳಗೆ ಮುಗಿಯುತ್ತಿತ್ತು. ನವೀನ್ ಸತ್ತ ಮೇಲೆ ರಾಜ್ಯ ಸರ್ಕಾರ ಆ ಕುಟುಂಬಕ್ಕೆ 25 ಲಕ್ಷ ಪರಿಹಾರ ಕೊಟ್ಟಿತು. ಹೆಚ್ಚುಕಡಿಮೆ ಅವನ ಓದಿನ ಖರ್ಚಿನಷ್ಟು ಹಣ. ಹುಡುಗ ಬದುಕಿದ್ದಾಗ ಇದೇ ಖಜಾನೆಗೆ ಅವನ ಗುರುತಿರಲಿಲ್ಲ.

ಈ ರೋಗ ಇಂದಿನದಲ್ಲ. ಕ್ಯಾಪಿಟೇಶನ್ ಎಂಬ ಪದವನ್ನು ದೇಶಕ್ಕೆ ಪರಿಚಯಿಸಿದ ಅಪಕೀರ್ತಿಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. 1984ರಲ್ಲಿ ಕ್ಯಾಪಿಟೇಶನ್ ನಿಷೇಧ ಕಾಯಿದೆ ತಂದವರೂ ನಾವೇ. 1989ರ ಸರ್ಕಾರಿ ಆದೇಶದಲ್ಲಿ ಮೆಡಿಕಲ್ ಶುಲ್ಕ ಮೂರು ಬಗೆಯದಾಗಿತ್ತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2 ಸಾವಿರ, ಉಳಿದ ಕನ್ನಡನಾಡಿನ ವಿದ್ಯಾರ್ಥಿಗೆ 25 ಸಾವಿರ, ಹೊರರಾಜ್ಯದವರಿಗೆ 60 ಸಾವಿರ. ಮೀರತ್‌ನ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು ಕ್ಯಾಪಿಟೇಶನ್ ಸಂವಿಧಾನಕ್ಕೆ ವಿರುದ್ಧ ಎಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ಪಾಲು ಮಾಡಿತು. 1994ರಿಂದ ನಮ್ಮಲ್ಲಿ ಸಿಇಟಿ ಬಂತು. ಬಡವರ ಮಕ್ಕಳು ಡಾಕ್ಟರಾದ ಕಾಲ ಅದು. 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ ಆ ಫ್ರೀ-ಪೇಮೆಂಟ್ ವ್ಯವಸ್ಥೆಯೇ ಬಿದ್ದುಹೋಯಿತು. ಆಮೇಲೆ ನೀಟ್ ಬಂತು. 2017ರಲ್ಲಿ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬಂತೆಂದು ನಾವೆಲ್ಲ ಬೀಗಿದೆವು. ಆದರೆ ಎರಡು ವರ್ಷ ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸಿ, ಪರೀಕ್ಷೆಯ ದಿನ ಮಾತ್ರ ಕನ್ನಡದ ಪತ್ರಿಕೆ ಕೊಟ್ಟರೆ ಯಾರು ಬರೆಯುತ್ತಾರೆ? ಈಜು ಕಲಿಸದೆ ಹೊಳೆಗೆ ತಳ್ಳಿ, ನೀರು ನಮ್ಮದೇ ಅಲ್ಲವೇ ಎಂದ ಹಾಗಾಯಿತು.

ಇನ್ನು ಡೀಮ್ಡ್ ವಿಶ್ವವಿದ್ಯಾಲಯಗಳು. ನೆಲ ಕನ್ನಡದ್ದು, ನೀರು ಕನ್ನಡದ್ದು, ಅವುಗಳ ಆಸ್ಪತ್ರೆಗೆ ಬರುವ ರೋಗಿಗಳೂ ಹೆಚ್ಚಾಗಿ ಕನ್ನಡದವರೇ. ಸೀಟು ಹಂಚುವುದು ಮಾತ್ರ ದೆಹಲಿಯ ಕೌನ್ಸೆಲಿಂಗ್ ಸಮಿತಿ. ರಾಜ್ಯದಲ್ಲಿ ಸುಮಾರು 70 ಮೆಡಿಕಲ್ ಕಾಲೇಜುಗಳಿವೆ, ಹತ್ತು ಸಾವಿರಕ್ಕೂ ಹೆಚ್ಚು ಸೀಟುಗಳಿವೆ ಎಂದು ಮಂತ್ರಿಗಳು ಎದೆ ತಟ್ಟಿಕೊಳ್ಳುತ್ತಾರೆ. ಅವುಗಳಲ್ಲಿ ಜಗಳೂರಿನ ರೈತನ ಮಗಳು ಕೊಳ್ಳಬಲ್ಲ ಸೀಟು ಎಷ್ಟು ಎಂದು ಹೇಳಲಿ.

ಹೀಗೆ ಇಲ್ಲಿ ಬಾಗಿಲು ಮುಚ್ಚಿದಾಗ ದಲ್ಲಾಳಿ ಬರುತ್ತಾನೆ. ಕನ್ಸಲ್ಟನ್ಸಿ ಎಂಬ ಬೋರ್ಡು, ಗೋಡೆಯ ತುಂಬ ವಿಮಾನದ ಚಿತ್ರ, ಬಾಯಿ ತುಂಬ ಜೇನು. ಉಕ್ರೇನ್ ಮುಚ್ಚಿದರೆ ಜಾರ್ಜಿಯಾ, ಅದಿಲ್ಲದಿದ್ದರೆ ಕಿರ್ಗಿಸ್ತಾನ, ಉಜ್ಬೇಕಿಸ್ತಾನ. ಅವನು ಹೇಳದೆ ಬಿಡುವುದನ್ನು ನಾವು ಹೇಳುತ್ತೇವೆ, ಕೇಳಿ.

ಒಂದು: ವಿದೇಶದಲ್ಲಿ ಎಂಬಿಬಿಎಸ್ ಓದಲು ಹೋಗುವವರೂ ನೀಟ್‌ನಲ್ಲಿ ಅರ್ಹತೆ ಪಡೆದಿರಲೇಬೇಕು. ನೀಟ್ ಬೇಡ ಎನ್ನುವ ದಲ್ಲಾಳಿ ಸುಳ್ಳುಗಾರ.

ಎರಡು: 2021ರ ನವೆಂಬರಿನ ನಿಯಮದ ಪ್ರಕಾರ ಓದು ಕನಿಷ್ಠ 54 ತಿಂಗಳಿರಬೇಕು, ಒಂದೇ ಸಂಸ್ಥೆಯಲ್ಲಿ ಆಗಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಇಲ್ಲಿಗೆ ಬಂದ ಮೇಲೆ ಮತ್ತೆ 12 ತಿಂಗಳು. ಇದರಲ್ಲಿ ಒಂದು ತಪ್ಪಿದರೂ ಕೈಯಲ್ಲಿರುವುದು ಬರೀ ಕಾಗದ.

ಮೂರು: ಹಿಂದಿರುಗಿದವರು 2002ರಿಂದ ಜಾರಿಯಲ್ಲಿರುವ ಎಫ್‌ಎಂಜಿಇ ಎಂಬ ಪರೀಕ್ಷೆ ಪಾಸಾಗಬೇಕು. 300ಕ್ಕೆ 150 ಬಂದರೆ ಸಾಕು. ಆದರೂ ಇತ್ತೀಚಿನ ವರ್ಷಗಳಲ್ಲಿ ನೂರು ಜನ ಬರೆದರೆ ಹೆಚ್ಚಿನ ಸಲ ಮೂವತ್ತು ಜನವೂ ಪಾಸಾಗಿಲ್ಲ. ಉಳಿದವರು ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳಲಾರದೆ, ಮನೆಯವರ ಮುಖ ನೋಡಲಾರದೆ ಕೋಚಿಂಗ್ ಕೊಠಡಿಗಳಲ್ಲಿ ವರ್ಷ ಸವೆಸುತ್ತಾರೆ.

ನಾಲ್ಕು: ಸಾಲ. ವರ್ಷಕ್ಕೆ ನಾಲ್ಕು ಲಕ್ಷದಂತೆ ಆರು ವರ್ಷ ಬ್ಯಾಂಕಿನಿಂದ ತೆಗೆದರೆ 24 ಲಕ್ಷ. ಶೇಕಡಾ 11ರ ಬಡ್ಡಿ, ಅದೂ ಸರಳ ಬಡ್ಡಿ ಎಂದೇ ಹಿಡಿಯೋಣ. ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರುವಾಗುವ ಹೊತ್ತಿಗೆ ಬಾಕಿ 36 ಲಕ್ಷದ ಹತ್ತಿರ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ 49 ಸಾವಿರ ರೂಪಾಯಿ. ಅಷ್ಟರಲ್ಲಿ ಹುಡುಗ ಇನ್ನೂ ಪರೀಕ್ಷೆಗೆ ಓದುತ್ತಿರಬಹುದು, ಇಲ್ಲವೇ ಇಂಟರ್ನ್‌ಶಿಪ್‌ನಲ್ಲಿರಬಹುದು. ಕಂತು ಕಟ್ಟುವವರು ಯಾರು? ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಬ್ಯಾಂಕು ಆಸ್ತಿ ಅಡವು ಕೇಳುತ್ತದೆ. ಅಡವಿಗೆ ಹೋಗುವುದು ಅಜ್ಜ ಉತ್ತ ಹೊಲ, ಅಪ್ಪ ಕಟ್ಟಿಸಿದ ಮನೆ.

ಅಮೆರಿಕಕ್ಕೆ ಎಂಎಸ್ ಓದಲು ಹೊರಟ ಎಂಜಿನಿಯರಿಂಗ್ ಗೆಳೆಯರಿಗೂ ಲೆಕ್ಕ ಬೇರೆಯಲ್ಲ. 2019ರಲ್ಲಿ ಡಾಲರಿಗೆ 70 ರೂಪಾಯಿಯ ಆಸುಪಾಸಿತ್ತು. 2024ರ ಡಿಸೆಂಬರಿನಲ್ಲಿ 85 ದಾಟಿತು. ಇಪ್ಪತ್ತು ಸಾವಿರ ಡಾಲರ್ ಶುಲ್ಕ 14 ಲಕ್ಷದಿಂದ 17 ಲಕ್ಷವಾಯಿತು. ಕಾಲೇಜು ಒಂದು ಡಾಲರನ್ನೂ ಏರಿಸಬೇಕಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂದು ಅಲ್ಲಿನ ಅಧ್ಯಕ್ಷರು ಘೋಷಿಸಿದರು. ಅಲ್ಲೇ ದುಡಿದು ಸಾಲ ತೀರಿಸುತ್ತೇನೆ ಎಂಬ ಲೆಕ್ಕ ಇನ್ನೊಬ್ಬರ ಒಂದು ಸಹಿಗೆ ಬುಡಮೇಲಾಗಬಹುದು.

ಹಾಗಾದರೆ ಹೋಗಲೇಬಾರದೇ? ಆ ಕೂಪಮಂಡೂಕ ಮಾತನ್ನು ನಾವು ಆಡುವುದಿಲ್ಲ. ಧಾರವಾಡದಲ್ಲಿ ಹುಟ್ಟಿದ ನಾ.ಸು. ಹರ್ಡೀಕರ್ ಅಮೆರಿಕದ ಮಿಷಿಗನ್‌ನಲ್ಲಿ ಓದಿ ಬಂದು 1923ರಲ್ಲಿ ಹುಬ್ಬಳ್ಳಿಯಿಂದ ಸೇವಾದಳ ಕಟ್ಟಿದರು. ಗೋಕಾಕ ಸೀಮೆಯ ಮಮದಾಪುರದ ಡಿ.ಸಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತದ ರಾಂಗ್ಲರ್ ಆಗಿ ಬಂದು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಮುನ್ನಡೆಸಿದರು. ಹೊರಗಿನ ಗಾಳಿ ಕುಡಿದು ಬಂದವರು ನಾಡಿಗೆ ಕೊಟ್ಟದ್ದು ಸಣ್ಣದಲ್ಲ. ಇಲ್ಲಿಲ್ಲದ ವಿದ್ಯೆ, ಇಲ್ಲಿಲ್ಲದ ಪ್ರಯೋಗಾಲಯ, ಇಲ್ಲಿಲ್ಲದ ಗುರುವನ್ನು ಹುಡುಕಿ ಹೋಗುವುದು ಒಂದು. ಇಲ್ಲೇ ಇರುವ ವಿದ್ಯೆ ಕೈಗೆಟುಕದೆ ಗಡಿಪಾರಾಗುವುದು ಇನ್ನೊಂದು. ಮೊದಲನೆಯದಕ್ಕೆ ಹಾರ ಹಾಕಿ ಕಳಿಸೋಣ. ಎರಡನೆಯದಕ್ಕೆ ವಿಧಾನಸೌಧವನ್ನು ಕೇಳೋಣ.

ಭಾಷೆಯ ಪಾಠವೂ ಇಲ್ಲಿದೆ. ಉಕ್ರೇನಿನಲ್ಲಿ ನಮ್ಮವರಿಗೆ ತರಗತಿ ಇಂಗ್ಲಿಷಿನಲ್ಲಿ. ಆದರೆ ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟ ದಿನ ರಷ್ಯನ್ನೋ ಉಕ್ರೇನಿಯನ್ನೋ ಕಲಿಯಲೇಬೇಕು. ಎಲ್ಲಿ ನೋವು ಎಂದು ರೋಗಿಯನ್ನು ಅವನ ಮಾತಿನಲ್ಲೇ ಕೇಳಬೇಕಲ್ಲ! ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ಅಲ್ಲಿ ವೈದ್ಯಕೀಯ ಓದಲು ಜರ್ಮನ್ ಬರಬೇಕು, ರೋಗಿಯ ನಾಡಿ ಹಿಡಿಯುವ ಮೊದಲು ವೈದ್ಯನ ಭಾಷಾ ಪರೀಕ್ಷೆಯೂ ಆಗಬೇಕು. ಅದನ್ನು ಯಾರೂ ಸಂಕುಚಿತ ಬುದ್ಧಿ ಎನ್ನುವುದಿಲ್ಲ. ಚನ್ನಗಿರಿಯ ಅಜ್ಜಿ ತನ್ನ ಡಾಕ್ಟರು ಕನ್ನಡದಲ್ಲಿ ಮಾತಾಡಲಿ ಎಂದರೆ ಮಾತ್ರ ಅದು ಭಾಷಾಂಧತೆಯೇ? ಪರದೇಶದ ರೋಗಿಗಾಗಿ ಆರು ವರ್ಷದಲ್ಲಿ ರಷ್ಯನ್ ಕಲಿಯಬಲ್ಲ ಹುಡುಗರಿದ್ದಾರೆ. ಇಲ್ಲಿಗೆ ಬಂದು ಓದುವ ಹೊರಗಿನವರು ಕನ್ನಡ ಕಲಿಯಲಾರರೇ?

ನಮ್ಮ ಬೇಡಿಕೆ ಸರಳ. ಶಿವಮೊಗ್ಗದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಚಿತ್ರದುರ್ಗಕ್ಕೆ 2023ರಲ್ಲಿ ಬಂತು. ಹಾವೇರಿಗೆ ಬಂದದ್ದು 2022ರಲ್ಲಿ, ನವೀನ್ ಸತ್ತ ವರ್ಷವೇ. ಅವನ ಜಿಲ್ಲೆಗೆ ಆ ಕಾಲೇಜು ನಾಲ್ಕೈದು ವರ್ಷ ಮುಂಚೆ ಬಂದಿದ್ದರೆ? ಈ ಪ್ರಶ್ನೆ ಯಾವ ಪರಿಹಾರದ ಚೆಕ್ಕಿಗೂ ಸಾಯುವುದಿಲ್ಲ. ದಾವಣಗೆರೆಗೂ ಸರ್ಕಾರಿ ಮೆಡಿಕಲ್ ಕಾಲೇಜು ಬೇಕು ಎಂಬ ಕೂಗು ಹಳೆಯದು, ಅದನ್ನು ಇನ್ನಷ್ಟು ಗಟ್ಟಿಯಾಗಿ ಕೂಗಬೇಕು. ಕನ್ನಡನಾಡಿನ ನೆಲದಲ್ಲಿರುವ ಪ್ರತಿ ಡೀಮ್ಡ್ ಕಾಲೇಜಿನಲ್ಲಿ ಕನ್ನಡಿಗರಿಗೆ ಸರ್ಕಾರಿ ಶುಲ್ಕದ ಪಾಲು ಬೇಕು. ಪಿಯುಸಿ ವಿಜ್ಞಾನಕ್ಕೆ ಕನ್ನಡದ ಪುಸ್ತಕ, ಹಳ್ಳಿಯ ಕಾಲೇಜುಗಳಲ್ಲಿ ಸರ್ಕಾರಿ ನೀಟ್ ತರಬೇತಿ ಬೇಕು. ವಿದೇಶಕ್ಕೆ ಕಳಿಸುವ ಪ್ರತಿ ದಲ್ಲಾಳಿಯ ಹೆಸರು ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಕಳಿಸಿದವರಲ್ಲಿ ಎಷ್ಟು ಜನ ಎಫ್‌ಎಂಜಿಇ ಪಾಸಾದರು ಎಂಬುದನ್ನು ಅವನು ಬೋರ್ಡಿನ ಮೇಲೆ ಬರೆಯಬೇಕು. ಪರಿಶಿಷ್ಟರ ಮಕ್ಕಳ ವಿದೇಶ ಓದಿಗೆ ರಾಜ್ಯ ಸರ್ಕಾರ ತಂದ ‘ಪ್ರಬುದ್ಧ’ ಯೋಜನೆಯ ಸುದ್ದಿ ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ಕಾಣಬೇಕು.

ಯುದ್ಧದ ನಡುವಿನಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತಂದೆವು ಎಂದು ಕೇಂದ್ರ ಸರ್ಕಾರ ಹೇಳಿಕೊಂಡಿತು. ಒಳ್ಳೆಯದೇ ಆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದೇ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ, ಅವರನ್ನು ಇಲ್ಲಿನ ಕಾಲೇಜಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದಿತು. ವಿಮಾನದಲ್ಲಿ ಜಾಗವಿತ್ತು, ತರಗತಿಯಲ್ಲಿ ಇರಲಿಲ್ಲ.

ಕನ್ನಡದ ತರುಣರೇ, ಹೋಗುವುದಾದರೆ ಕಣ್ಣು ಬಿಟ್ಟುಕೊಂಡು ಹೋಗಿ. ಸಹಿ ಹಾಕುವ ಮುನ್ನ ಲೆಕ್ಕ ಹಾಕಿ. ದಲ್ಲಾಳಿಯ ಮಾತಿಗೆ ಮೊದಲು, ಅಲ್ಲಿ ಓದಿ ಪಾಸಾಗಿ ಬಂದವರನ್ನೂ ಫೇಲಾಗಿ ಕುಳಿತವರನ್ನೂ ಹುಡುಕಿ ಮಾತಾಡಿಸಿ. ಅಪ್ಪನ ಹೊಲದ ಪಹಣಿ ಬ್ಯಾಂಕಿಗೆ ಹೋಗುವ ದಿನ ಮನೆಯವರೆಲ್ಲ ಒಟ್ಟಿಗೆ ಕೂತು ಕೇಳಿಕೊಳ್ಳಿ: ಇದು ಕನಸೋ, ಜೂಜೋ? ಹೋಗದೆ ಇಲ್ಲೇ ಉಳಿಯುವವರು ಸುಮ್ಮನೆ ಕೂರಬೇಡಿ. ಮುಂದಿನ ಸಲ ಓಟು ಕೇಳಿ ಬಂದವರನ್ನು ಹೊಸಿಲಲ್ಲೇ ನಿಲ್ಲಿಸಿ, ನಮ್ಮ ಊರಿನ ಸರ್ಕಾರಿ ಸೀಟು ಎಲ್ಲಿ ಎಂದು ಕೇಳಿ. ರಸ್ತೆ, ಚರಂಡಿ, ಸಮುದಾಯ ಭವನ ಆಮೇಲೆ. ಮೊದಲು ಸೀಟಿನ ಲೆಕ್ಕ ಕೊಡಲಿ.